ಗೌರವ ಪ್ರತಿಗಳ ಗತಿ

ಕನ್ನಡ ಪತ್ರಿಕೆಗಳಲ್ಲಿ ‘ಸಾದರ ಸ್ವೀಕಾರ’ವೆಂಬ ಅಂಕಣವೊಂದು ಬಹುಕಾಲದಿಂದ ನಡೆದುಬಂದಿದೆ. ವಿಮರ್ಶೆಗೆಂದು ಬಂದ ಪುಸ್ತಕಗಳ ಹೆಸರು, ಬೆಲೆ, ಪ್ರಕಾಶಕರ ವಿಳಾಸ ಅಲ್ಲಿ ಅಚ್ಚಾಗುತ್ತವೆ. ಎಷ್ಟೋ ಗ್ರಂಥಗಳಿಗೆ ಅದೇ ಜನ್ಮಪತ್ರಿಕೆ, ಅದೇ ಚರಮವಾರ್ತೆ. ಸ್ವೀಕಾರವಾದ ಮೇಲೆ ಪುಸ್ತಕವು ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ.

ಪತ್ರಿಕೆಗೆ ಎರಡು ಪ್ರತಿ ಕಳುಹಿಸುವುದು ಹಳೆಯ ವಾಡಿಕೆ: ಒಂದು ವಿಮರ್ಶಕರಿಗೆ, ಇನ್ನೊಂದು ಕಚೇರಿಯ ಸಂಗ್ರಹಕ್ಕೆ. ಬಹುಮಾನದ ಪ್ರಕಟನೆಗಳು ಮೂರು ನಾಲ್ಕು ಪ್ರತಿ ಕೇಳುವುದು ಸಾಮಾನ್ಯ; ‘ಪ್ರತಿಗಳನ್ನು ಹಿಂದಿರುಗಿಸಲಾಗುವುದಿಲ್ಲ’ ಎಂಬ ಒಕ್ಕಣೆಯೂ ಕೆಳಗೆ ಇರುತ್ತದೆ. ಐನೂರು ಪ್ರತಿ ಅಚ್ಚು ಹಾಕಿಸಿದ ಹೊಸ ಲೇಖಕನೊಬ್ಬ ಹತ್ತು ಬಹುಮಾನಗಳಿಗೆ ನಾಲ್ಕು ನಾಲ್ಕರಂತೆ ಕಳುಹಿಸಿದರೆ ನಲವತ್ತು ಪ್ರತಿ, ಅಂದರೆ ನೂರಕ್ಕೆ ಎಂಟರಷ್ಟು, ಹೀಗೆ ಹೋಯಿತು. 1954ರ ಗ್ರಂಥ ಸಲ್ಲಿಕೆ ಕಾಯಿದೆಯ ಮೇರೆಗೆ ಕೊಡುವ ಪ್ರತಿಗಳ ಸಂಗತಿ ಬೇರೆ. ಅವು ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈಯ ಕನ್ನೆಮರಾ ಗ್ರಂಥಾಲಯ ಮೊದಲಾದ ನಾಲ್ಕು ಗೊತ್ತಾದ ಸ್ಥಳಗಳಿಗೆ ಸೇರತಕ್ಕವು. ಕಾನೂನಿಗೆ ಹೆದರಿ ಕೊಟ್ಟ ಪ್ರತಿಗೆ ಮನೆಯುಂಟು, ಗೌರವದಿಂದ ಕೊಟ್ಟುದಕ್ಕೆ ಇಲ್ಲ!

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಕೈಯಾಡಿಸಿದವರಿಗೆ ‘ವಿಮರ್ಶೆಗಾಗಿ’ ಎಂದು ಮುದ್ರೆಯೊತ್ತಿದ, ‘ಪೂಜ್ಯರಿಗೆ ಸಾದರ’ ಎಂದು ಲೇಖಕನೇ ಬರೆದುಕೊಟ್ಟ ಪ್ರತಿಗಳು ಹೊಸತಲ್ಲ. ಕೆಲವು ಜಾಣರು ಆ ಹಾಳೆಯನ್ನು ಹರಿದು ಮಾರುತ್ತಾರೆ. ಪುಟಗಳು ಒಂದಕ್ಕೊಂದು ಅಂಟಿಕೊಂಡೇ ಇರುವುದನ್ನು ಕಂಡಾಗ ಓದು ಎಷ್ಟು ನಡೆದಿತ್ತೆಂಬುದೂ ತಿಳಿಯುತ್ತದೆ. ಹಾಗೆಂದು ವಿಮರ್ಶಕರನ್ನೇ ಹಳಿಯುವುದು ನ್ಯಾಯವಲ್ಲ. ಸಂಭಾವನೆ ಅಲ್ಪ, ಎಷ್ಟೋ ಸಲ ಅದೂ ಇಲ್ಲ. ಬಾಡಿಗೆಯ ಮನೆಯಲ್ಲಿರುವ ತೀರ್ಪುಗಾರರಿಗೆ ಒಮ್ಮೆಲೆ ನೂರು ಪುಸ್ತಕಗಳ ಗಂಟು ಬಂದರೆ ಅವರು ಇಡುವುದೆಲ್ಲಿ? ನಮ್ಮ ಕರಾವಳಿಯಲ್ಲಾದರೆ ಒಂದು ಮಳೆಗಾಲ ಸಾಕು. ಬೂಸಲು ಮೊದಲ ಓದುಗ, ಗೆದ್ದಲು ಎರಡನೆಯದು. ಹಳೆಯ ಅಂಗಡಿಗೆ ಹೋದ ಪುಸ್ತಕಕ್ಕೆ ಬಡ ವಿದ್ಯಾರ್ಥಿಯೊಬ್ಬನಾದರೂ ಸಿಕ್ಕಾನು. ಓದದೆ ಮಾರಿ, ಮುನ್ನುಡಿಯ ಮಾತುಗಳನ್ನೇ ತಿರುಗಿಸಿ ಬರೆದು ಅದನ್ನು ವಿಮರ್ಶೆಯೆನ್ನುವುದು ಮಾತ್ರ ಕ್ಷಮಾರ್ಹವಲ್ಲ.

ಇತ್ತ ಗಡಿಯೀಚೆ ನೋಡಿರಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ಕನ್ನಡ ಶಾಲೆಗಳಿಗೆ ಪಠ್ಯದ ಹೊರಗಿನ ಕನ್ನಡ ಪುಸ್ತಕ ಬರುವುದು ಬಹುಮಟ್ಟಿಗೆ ಮಂಗಳೂರಿಗೆ ಹೋಗಿಬಂದವರ ಕೈಚೀಲದಲ್ಲಿ. ತಾಳವಾಡಿ, ಜತ್ತ, ಮಡಕಶಿರಗಳ ಬಂಧುಗಳ ಅನುಭವವೂ ಬಹಳ ಭಿನ್ನವಿರಲಾರದು. ದಾನವಾಗಿ ಬರುವುದೂ ಉಂಟು. ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದು, ಬಹುಮಾನ ಮುಗಿದ ಮೇಲೆ ಉಳಿದುವೆಂದು, ನಮ್ಮ ಶಾಲೆಗೆ ಎರಡು ಗಂಟು ಕಳುಹಿಸಿತು. ಬಿಚ್ಚಿದರೆ ಒಂದೇ ಕವನ ಸಂಕಲನದ ನಾಲ್ಕು ಪ್ರತಿ, ಯಾರದೋ ಷಷ್ಟ್ಯಬ್ದಿಯ ಅಭಿನಂದನ ಗ್ರಂಥ, ಕಾದಂಬರಿಯೊಂದರ ಎರಡನೆಯ ಭಾಗ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟುಹೋಗುವವರೆಗೂ ಅದರ ಮೊದಲನೆಯ ಭಾಗವನ್ನು ಕೇಳುತ್ತಲೇ ಇದ್ದಳು. ಒಳ್ಳೆಯವು ಮೊದಲೇ ಬೇರೆ ಕಪಾಟು ಸೇರಿದ್ದಿರಬೇಕು. ನಮಗೆ ಬೇಕಾದುದು ನಿಘಂಟು, ಪ್ರವಾಸಕಥನ, ವಿಜ್ಞಾನ, ಮಕ್ಕಳ ಕಥೆ.

ಒಂದು ವರ್ಷದ ಬಹುಮಾನಕ್ಕೆ ಬಂದ ಪುಸ್ತಕಗಳೆಂದರೆ ಆ ವರ್ಷದ ಕನ್ನಡ ಬೆಳೆಯ ಮಾದರಿ. ಅದರದೊಂದು ಸಂಪೂರ್ಣ ಕಟ್ಟನ್ನು ಒಡೆಯದೆ ಒಂದೆಡೆ ಇಡುವುದು ಅಗತ್ಯ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡ ಮೇಲೆ ಅವರ ಗ್ರಂಥಸಂಗ್ರಹಕ್ಕೆ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಆಶ್ರಯ ದೊರೆತುದರಿಂದಲ್ಲವೇ ಅದು ಸಂಶೋಧಕರಿಗೆ ಒದಗಿದ್ದು? ಮಿಕ್ಕ ಪ್ರತಿಗಳು ಶಾಲೆಗಳಿಗೆ ಬರಲಿ. ಸಾಗಣೆಯ ವೆಚ್ಚದ ಆಕ್ಷೇಪ, ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ, ನಿಜವೇ ಆಗಿತ್ತು. 2025ರ ಮೇ 1ರಂದು ಅಂಚೆ ಇಲಾಖೆ ‘ಜ್ಞಾನ ಪೋಸ್ಟ್’ ಆರಂಭಿಸಿದಾಗ 300 ಗ್ರಾಂ ವರೆಗೆ 20 ರೂಪಾಯಿ, 5 ಕಿಲೋ ವರೆಗೆ 100 ರೂಪಾಯಿ, ತೆರಿಗೆ ಬೇರೆ, ಎಂದು ದರವನ್ನು ಗೊತ್ತುಮಾಡಿತು. ಐದು ಕಿಲೋ ಎಂದರೆ ಸಾಧಾರಣ ಗಾತ್ರದ ಇಪ್ಪತ್ತು ಪುಸ್ತಕ.

ಬಹುಮಾನದ ಪ್ರಕಟನೆಯಲ್ಲೇ ‘ತೀರ್ಪಿನ ಅನಂತರ ಪ್ರತಿಗಳನ್ನು ಗಡಿನಾಡ ಶಾಲೆಗೆ ಕೊಡಲು ಲೇಖಕರ ಒಪ್ಪಿಗೆಯುಂಟೆ?’ ಎಂಬ ಒಂದು ಸಾಲನ್ನು ಸೇರಿಸಲು ಸಂಸ್ಥೆಗಳಿಗೆ ಕಷ್ಟವಿಲ್ಲ. ನಮ್ಮ ಸಂಘದ ಘಟಕಗಳೂ ಸುಮ್ಮನಿರಬಾರದು. ಯಾವ ಶಾಲೆಯಲ್ಲಿ ಯಾವ ಬಗೆಯ ಪುಸ್ತಕವಿಲ್ಲವೆಂಬ ಪಟ್ಟಿಯನ್ನು, ವಿಳಾಸ ಮತ್ತು ಪಿನ್ ಕೋಡ್ ಸಹಿತ, ಶಾಲಾರಂಭದ ಮೊದಲೇ ಸಿದ್ಧಪಡಿಸಿ ಕಳುಹಿಸಿದರೆ ಉಳಿದ ಪತ್ರವ್ಯವಹಾರವನ್ನು ನಾವು ನೋಡಿಕೊಳ್ಳುತ್ತೇವೆ.