ಅಸ್ತಮಾನದ ಬೆಳಕು, ಮುಳುಗಿದ ಊರು: ದಣ್ಣಾಯಕನ ಕೋಟೆಯ ಚಿತ್ರಗಳ ಕುರಿತು

ತಾಳವಾಡಿ ಬೆಟ್ಟಗಳಿಂದ ಸತ್ಯಮಂಗಲಕ್ಕೆ ಇಳಿಯುವ ದಾರಿಯಲ್ಲಿ, ದಿಂಬಂ ಘಾಟಿಯ 27 ತಿರುವುಗಳು ತೊಡಗುವ ಅಂಚಿಗೆ ಬಂದಾಗ ಬಯಲು ಒಮ್ಮೆಲೇ ತೆರೆದುಕೊಳ್ಳುತ್ತದೆ. ತಿಳಿಯಾದ ಸಂಜೆಗಳಲ್ಲಿ ದೂರದ ಭವಾನಿಸಾಗರ ಜಲಾಶಯ ಹೊಳೆಯುತ್ತದೆ. ಪಶ್ಚಿಮಕ್ಕೆ ನೀಲಗಿರಿಯ ಹಿಂದೆ ಸೂರ್ಯ ಇಳಿಯುತ್ತಾನೆ. ಮೊಬೈಲು ಕ್ಯಾಮೆರಾ ಬಂದ ಮೇಲೆ ಈ ನೋಟ ಎಷ್ಟು ಬಾರಿ ಚಿತ್ರವಾಗಿದೆಯೋ ಲೆಕ್ಕವಿಲ್ಲ. ಆ ಹೊಳಪಿನ ಅಡಿಯಲ್ಲಿ ಒಂದು ಊರಿದೆ ಎಂಬುದು ಮಾತ್ರ ಚಿತ್ರದಲ್ಲಿ ಕಾಣುವ ಸಂಗತಿಯಲ್ಲ.

ಭವಾನಿ ಮತ್ತು ಮೋಯಾರ್ ನದಿಗಳ ಸಂಗಮದಲ್ಲಿದ್ದ ದಣ್ಣಾಯಕನ ಕೋಟೆ, 1948ರಲ್ಲಿ ಆರಂಭವಾಗಿ 1955ರಲ್ಲಿ ಮುಗಿದ ಅಣೆಕಟ್ಟಿನ ಹಿನ್ನೀರಿಗೆ ಸೇರಿತು. ಊರಿನ ಹೆಸರೇ ಒಂದು ಶಾಸನದಂತಿದೆ. ದಂಡನಾಯಕ ಎಂಬುದು ಕನ್ನಡದ ನಾಲಗೆಯಲ್ಲಿ ದಣ್ಣಾಯಕವಾಯಿತು. ತಮಿಳಿನಲ್ಲಿ ಅದು ಡಣಾಯಕ್ಕನ್ ಕೋಟ್ಟೈ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೇಳಿ ಬರೆದುಕೊಂಡ ರೂಪದಲ್ಲಿ ಕನ್ನಡದ ಷಷ್ಠೀ ವಿಭಕ್ತಿ ಹಾಗೆಯೇ ಉಳಿದಿದೆ. ತೆರಕಣಾಂಬಿಯ ಕಡೆಯಿಂದ ನೀಲಗಿರಿಯ ತಪ್ಪಲಿನವರೆಗೆ ಆಡಳಿತ ನಡೆಸಿದ ಹೊಯ್ಸಳ ದಣ್ಣಾಯಕರ, ಅಂದರೆ ಪೆರುಮಾಳ ಮತ್ತು ಆತನ ಮಗ ಮಾಧವರ ಮನೆತನವನ್ನು ಈ ಹೆಸರು ನೆನಪಿಸುತ್ತದೆ. ತಾಳವಾಡಿಯ ಕನ್ನಡಿಗರಿಗೆ ಈ ಕೋಟೆ ಬೇರೆ ಸೀಮೆಯದಲ್ಲ. ಘಾಟಿಯ ಮೇಲಿನ ನಾಡನ್ನೂ ಕೆಳಗಿನ ನಾಡನ್ನೂ ಒಂದೇ ಕೈಯಲ್ಲಿ ಹಿಡಿದಿದ್ದ ಕಾಲದ ಗುರುತು.

ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಜಲಾಶಯ ಇಳಿದಾಗ ಮಾಧವರಾಯ ಪೆರುಮಾಳ್ ದೇವಾಲಯ ನೀರಿನಿಂದ ಮೇಲೇಳುತ್ತದೆ. ಅದರ ಹಿಂದೆಯೇ ಕ್ಯಾಮೆರಾಗಳೂ ಬರುತ್ತವೆ. ಹೆಚ್ಚು ಮೆಚ್ಚುಗೆ ಪಡೆಯುವ ಚಿತ್ರದ ರಚನೆ ಬಹುಮಟ್ಟಿಗೆ ಒಂದೇ. ಕೆಂಪು ಆಕಾಶ, ಅದರೆದುರು ಕಪ್ಪಾಗಿ ನಿಂತ ಕಲ್ಲುಮಂಟಪ, ಕೆಳಗೆ ಅದೇ ಕೆಂಪನ್ನು ಮರಳಿಸುವ ನೀರು. ಕುಸುರಿಯಲ್ಲಿ ಕೊರತೆಯಿಲ್ಲದ ಈ ಚಿತ್ರಗಳ ತೊಡಕು ಅವು ಎರವಲು ತಂದ ಮಾದರಿಯಲ್ಲಿದೆ.

ಆ ಮಾದರಿ ನೀರಂಚಿನ ಜೀವಂತ ನಗರದ್ದು. ಮುಂಬಯಿಯ ಮರೀನ್ ಡ್ರೈವನ್ನು ಸೂರ್ಯಾಸ್ತದ ನಂತರ ಚಿತ್ರಿಸುವವರು ಕಾಯುವುದು ಒಂದು ಸಣ್ಣ ಅವಧಿಗಾಗಿ: ಆಕಾಶದ ನೀಲಿ ಇನ್ನೂ ಆರಿಲ್ಲ, ಬೀದಿದೀಪಗಳು ಹೊತ್ತಿಕೊಂಡಿವೆ, ಎರಡರ ಪ್ರಖರತೆ ಹೆಚ್ಚುಕಡಿಮೆ ಸಮ. ಆಗ ಮಾತ್ರ ಒಂದೇ ಎಕ್ಸ್‌ಪೋಷರ್‌ನಲ್ಲಿ ಬಾನೂ ಮನೆಯೂ ಎರಡೂ ಸಿಗುತ್ತವೆ. ಅದಕ್ಕಿಂತ ಮುಂಚೆ ಕಟ್ಟಡಗಳು ಕಪ್ಪು, ಅನಂತರ ಆಕಾಶ ಕಪ್ಪು. ಆ ಚಿತ್ರದ ಅರ್ಥ ನಿಂತಿರುವುದು ದೀಪಗಳ ಮೇಲೆ. ಪ್ರತಿಯೊಂದು ಕಿಟಕಿಯ ಬೆಳಕೂ ಅಲ್ಲಿ ಯಾರೋ ಇದ್ದಾರೆ ಎಂಬುದಕ್ಕೆ ಸಾಕ್ಷಿ. ನೀರು ಆ ಸಾಕ್ಷಿಯನ್ನು ಇಮ್ಮಡಿಗೊಳಿಸುತ್ತದೆ. ದಣ್ಣಾಯಕನ ಕೋಟೆಯಲ್ಲಿ ಹೊತ್ತಿಸುವವರಿಲ್ಲ. ದೀಪಗಳು ತಮ್ಮ ಒಡೆಯರೊಡನೆ ಬೇರೆ ನೆಲೆಗೆ ಹೋಗಿ ಎಪ್ಪತ್ತು ವರ್ಷಗಳಾದವು. ಇಲ್ಲಿ ಕತ್ತಲೆಯೇ ಸತ್ಯ, ಮತ್ತು ಆಕಾಶದ ಕೆಂಪು ಆ ಸತ್ಯದ ಮೇಲೆ ಹೊದಿಸಿದ ಶಾಲು.

ಹಂಪಿಯ ಉದಾಹರಣೆ ಇಲ್ಲಿ ನೆರವಾಗುತ್ತದೆ. ತುಂಗಭದ್ರೆಯ ದಡದ ಆ ನಗರವೂ ಜನ ತೊರೆದು ಹೋದ ನಗರವೇ. 1856ರಲ್ಲಿ ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಅದನ್ನು ಹಿಡಿದ. ಆ ಕಾಗದಕ್ಕೆ ಧಾರಾಳ ಬಿಸಿಲೂ ದೀರ್ಘ ಕಾಲವೂ ಬೇಕು. ಹೀಗಾಗಿ ಅವನ ಹಂಪಿ ಹಗಲಿನ ಹಂಪಿ, ಕಲ್ಲಿನ ಒಂದೊಂದು ಸಂದೂ ಎಣಿಸಲು ಸಿಗುವ ಹಂಪಿ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಸ್ಥಾನಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಚಿತ್ರಗಳನ್ನು ಮತ್ತೆ ತೆಗೆದರು. ಆದರೆ ಹಂಪಿಯಲ್ಲಿ ಅವರು ಮಾಡಿದ ಬೇರೊಂದು ಕೆಲಸ ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರ: ಮುಸ್ಸಂಜೆಯ ಮಬ್ಬಿಗೆ ಕೃತಕ ಬೆಳಕನ್ನು ಕೂಡಿಸಿ ತೆಗೆದ ಬಣ್ಣದ ಚಿತ್ರಗಳು. ಅವುಗಳಲ್ಲಿ ಆಕಾಶ ಆರುತ್ತಿದ್ದರೂ ಕಲ್ಲು ಆರುವುದಿಲ್ಲ. ಆ ಬೆಳಕಿನಲ್ಲಿ ರಂಗಭೂಮಿಯ ಅತಿರೇಕ ಇದೆ ಎಂದು ಯಾರಾದರೂ ಆಕ್ಷೇಪಿಸಿದರೆ ಅಲ್ಲಗಳೆಯುವುದು ಕಷ್ಟ. ಆದರೂ ಕಟ್ಟಡಕ್ಕೆ ಮುಖವಿದೆ ಎಂಬುದನ್ನು ಅವು ಮರೆಯುವುದಿಲ್ಲ. ದಣ್ಣಾಯಕನ ಕೋಟೆಯ ನೆರಳುಚಿತ್ರಗಳು ಮರೆಯುವುದು ಅದನ್ನೇ.

ಇದು ಕೇವಲ ಅಭಿರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ಸೂರ್ಯನಿಗೆದುರಾಗಿ ನಿಂತು ಆಕಾಶಕ್ಕೆ ತಕ್ಕಂತೆ ಅಳತೆ ಮಾಡಿದಾಗ ಗೋಡೆ ಕಪ್ಪಾಗುತ್ತದೆ, ಗೋಡೆ ಕಪ್ಪಾದಾಗ ಅದರ ಮೇಲಿರಬಹುದಾದ ಬರಹವೂ ಇಲ್ಲವಾಗುತ್ತದೆ. ಹೊಯ್ಸಳರು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಶಾಸನ ಬರೆಸಿದವರು. ಘಟ್ಟದ ಮೇಲೆ ಕನ್ನಡ, ಕೆಳಗೆ ತಮಿಳು ಎಂಬ ಇಂದಿನ ಸರಳ ವಿಭಜನೆ ಅವರ ಕಲ್ಲುಗಳಿಗೆ ಗೊತ್ತಿಲ್ಲ. ಈ ಗೋಡೆಯ ಅಕ್ಷರ ಯಾವುದು ಎಂದು ಕೇಳಬೇಕಾದವರಿಗೆ ನೆರಳುಚಿತ್ರ ಕೇಳುವ ಅವಕಾಶವನ್ನೇ ಕೊಡುವುದಿಲ್ಲ. ಅದು ‘ಪುರಾತನ ದೇವಾಲಯ’ ಎಂಬಷ್ಟನ್ನು ಹೇಳಿ ಸುಮ್ಮನಾಗುತ್ತದೆ. ಎರಡು ಭಾಷೆಗಳ ಓದುಗರೂ ಒಂದೇ ಬಾರಿಗೆ ಮೋಸ ಹೋಗುವ ಅಪರೂಪದ ಸಂದರ್ಭ ಇದು.

ವಿಚಿತ್ರವೆಂದರೆ ಅದೇ ಸೂರ್ಯ ಅದೇ ಕ್ಷಣದಲ್ಲಿ ಬೇರೆ ಕೆಲಸವನ್ನೂ ಮಾಡುತ್ತಿರುತ್ತಾನೆ. ಪಶ್ಚಿಮದಿಂದ ಮಟ್ಟಸವಾಗಿ ಬರುವ ಬಿಸಿಲು ಉತ್ತರ ಅಥವಾ ದಕ್ಷಿಣಕ್ಕೆ ಮುಖಮಾಡಿದ ಗೋಡೆಯನ್ನು ಸವರಿಕೊಂಡು ಹಾದುಹೋಗುವಾಗ ಪ್ರತಿ ಕೊರೆತದಲ್ಲಿ ಒಂದು ಎಳೆ ನೆರಳು ನಿಲ್ಲುತ್ತದೆ. ನೀರು ಉಜ್ಜಿ ಸವೆಸಿದ, ನಡುಹಗಲಿನಲ್ಲಿ ಬರಿಯ ಕಲೆಯಂತೆ ತೋರುವ ಗೆರೆ ಆಗ ಅಕ್ಷರವಾಗುತ್ತದೆ. ಶಾಸನಗಳನ್ನು ಓದುವವರಿಗೆ ಈ ಓರೆಬೆಳಕಿನ ಉಪಯೋಗ ಹೊಸತೇನಲ್ಲ. ಇರುಳಾದ ಮೇಲೂ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಟಾರ್ಚನ್ನು ಗೋಡೆಗೆ ಬಹುತೇಕ ಸಮಾಂತರವಾಗಿ ಹಿಡಿದು, ಒಮ್ಮೆ ಎಡದಿಂದ ಒಮ್ಮೆ ಬಲದಿಂದ ಬೆಳಕು ಹಾಯಿಸಿದರೆ ಹಗಲಿಗಿಂತ ಹೆಚ್ಚು ಸಿಗುತ್ತದೆ. ಸುತ್ತಣ ಬೆಳಕಿಲ್ಲದಿರುವುದೇ ಅಲ್ಲಿ ಅನುಕೂಲ. ಸೂರ್ಯಾಸ್ತದ ಚಿತ್ರಕಾರ ತೊಂಬತ್ತು ಡಿಗ್ರಿ ತಿರುಗಿದ್ದರೆ ಸಾಕಿತ್ತು. ಅಂಥ ಚಿತ್ರಕ್ಕೆ ಮೆಚ್ಚುಗೆ ಕಡಿಮೆ ಸಿಗಬಹುದು, ಗೋಡೆಯನ್ನು ಯಾರು ಮೆಚ್ಚುತ್ತಾರೆ?

ಬೆಟ್ಟದ ಮೇಲಿನವರಿಗೆ ಇನ್ನೊಂದು ಅಡ್ಡಿಯೂ ಉಂಟು. 2022ರ ಫೆಬ್ರವರಿ 10ರಿಂದ ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ ಬಣ್ಣಾರಿ ಮತ್ತು ಕಾರಪಳ್ಳಂ ತನಿಖಾ ಠಾಣೆಗಳ ನಡುವೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು; ಹುಲಿ ಸಂರಕ್ಷಿತ ಅರಣ್ಯದ ಪ್ರಾಣಿಗಳ ದೃಷ್ಟಿಯಿಂದ ಅದು ನ್ಯಾಯವಾದದ್ದೇ. ಸ್ಥಳೀಯರಿಗೆ ದೊರೆತ ರಿಯಾಯಿತಿಗಳನ್ನು ಬಿಟ್ಟರೆ, ಭಾರಿ ವಾಹನಗಳಿಗೆ ಸಂಜೆ 6ಕ್ಕೇ, ಲಘು ವಾಹನಗಳಿಗೆ ರಾತ್ರಿ 9ಕ್ಕೆ ದಾರಿ ಮುಚ್ಚುತ್ತದೆ. ಜಲಾಶಯದ ದಡದಲ್ಲಿ ಸೂರ್ಯ ಮುಳುಗಿ, ಆಕಾಶ ಆರಿ, ಟಾರ್ಚು ಹಿಡಿಯುವ ಹೊತ್ತು ಬಂದಾಗ ಘಾಟಿಯ ಗಡಿಯಾರ ನಡೆಯುತ್ತಲೇ ಇರುತ್ತದೆ. ಹೀಗಾಗಿ ಮುಂದಿನ ಬಾರಿ ನೀರು ಇಳಿದಾಗ ತಾಳವಾಡಿಯಿಂದ ಹೊರಡುವ ಚಿತ್ರಕಾರರ ಪಾಲಿಗೆ ಉಳಿಯುವುದು ಸೂರ್ಯಾಸ್ತಕ್ಕೆ ಮುಂಚಿನ ಅರ್ಧ ಗಂಟೆ, ಮತ್ತು ಬಲಕ್ಕೋ ಎಡಕ್ಕೋ ಇರುವ ಒಂದು ಗೋಡೆ.