ರೂಟಿಂಗ್ ಕ್ಯಾಷಿನ ಲೋಪವೂ ಪಥಸ್ಥೈರ್ಯವೂ: ಲಿನಕ್ಸ್ ಕರ್ನೆಲಿನ ಒಂದು ತಿದ್ದುಪಡಿಯ ವಿಮರ್ಶೆ

ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಸಹ ಒಂದು ಗ್ರಂಥವೇ. ಅನೇಕರು ಬರೆದು, ಅನೇಕರು ತಿದ್ದಿ, ಪಾಠದ ಮೇಲೆ ಪಾಠ ಸೇರಿ ಬೆಳೆದ ಗ್ರಂಥ. ಆದುದರಿಂದ ಅದರೊಳಗಿನ ಒಂದು ತಿದ್ದುಪಡಿಯನ್ನು ಗ್ರಂಥವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದು ಅನುಚಿತವಾಗಲಾರದು. ನಾವಿಲ್ಲಿ ಎತ್ತಿಕೊಂಡಿರುವುದು 2012ರ ಸೆಪ್ಟೆಂಬರ್ 30ರಂದು ಹೊರಬಂದ ಲಿನಕ್ಸ್ 3.6ನೆಯ ಆವೃತ್ತಿಯಲ್ಲಿ ಡೇವಿಡ್ ಮಿಲ್ಲರ್ ಅವರು ಮಾಡಿದ ಒಂದು ಲೋಪವನ್ನು. ಲೋಪವೆಂದರೆ ತಪ್ಪೆಂಬ ಅರ್ಥದಲ್ಲಿ ಅಲ್ಲ, ವ್ಯಾಕರಣಕಾರರು ಹೇಳುವ ಅರ್ಥದಲ್ಲಿ: ಇದ್ದುದನ್ನು ತೆಗೆದುಬಿಡುವುದು.

ತೆಗೆದದ್ದು ಐಪಿವಿ4ರ ರೂಟಿಂಗ್ ಕ್ಯಾಷ್. ಒಂದು ಪ್ಯಾಕೆಟ್ ಯಾವ ದಾರಿಯಿಂದ ಹೋಗಬೇಕೆಂಬುದನ್ನು ಮೂಲ ಪಥಕೋಷ್ಟಕದಲ್ಲಿ ಹುಡುಕಿ ತಿಳಿದಮೇಲೆ, ಆ ನಿರ್ಣಯವನ್ನು ಕಳುಹಿಸಿದವನ ಮತ್ತು ಪಡೆಯುವವನ ವಿಳಾಸಗಳೊಡನೆ ಒಂದು ಹ್ಯಾಷ್ ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಮುಂದಿನ ಪ್ಯಾಕೆಟ್ಟಿಗೆ ಅದನ್ನೇ ಬಳಸುವುದು ಅದರ ಕೆಲಸ. ಸಜ್ಜನರ ಸಂಚಾರಕ್ಕೆ ಇದು ಒಳ್ಳೆಯ ಏರ್ಪಾಡೇ ಸರಿ. ಆದರೆ ಹುಸಿ ವಿಳಾಸಗಳನ್ನು ಹೊತ್ತ ಪ್ಯಾಕೆಟ್ಟುಗಳನ್ನು ಸುರಿಯುವವನ ಮುಂದೆ ಇದು ನಿಲ್ಲದು. ಪ್ರತಿಯೊಂದು ಹುಸಿ ವಿಳಾಸಕ್ಕೂ ಹೊಸದೊಂದು ನಮೂದು, ಪಟ್ಟಿ ತುಂಬಿದಾಗ ಹಳೆಯದನ್ನು ಗುಡಿಸುವ ಶ್ರಮ. ಈ ಪಟ್ಟಿಯ ಒಂದೇ ಕೋಣೆಗೆ ಬಂದು ಬೀಳುವಂತೆ ವಿಳಾಸಗಳನ್ನು ಆರಿಸಿ ಯಂತ್ರವನ್ನು ಸೋಲಿಸಬಹುದೆಂಬುದು 2003ರಲ್ಲಿಯೇ ಪ್ರಕಟವಾಗಿತ್ತು. ಆಗ ಹ್ಯಾಷಿಗೆ ಒಂದು ಗುಪ್ತಸಂಖ್ಯೆಯನ್ನು ಬೆರೆಸಿ ಗಾಯಕ್ಕೆ ಪಟ್ಟಿ ಕಟ್ಟಿದರು. ರೋಗದ ಬೇರು ಹಾಗೆಯೇ ಉಳಿಯಿತು.

ಇಷ್ಟರಲ್ಲಿ ಮೂಲಕೋಷ್ಟಕದ ಹುಡುಕಾಟವೇ ಸುಧಾರಿಸಿತ್ತು. ನಿಲ್ಸನ್ ಮತ್ತು ಕಾರ್ಲ್‌ಸನ್ ಎಂಬ ವಿದ್ವಾಂಸರು 1999ರಲ್ಲಿ ವಿವರಿಸಿದ ಎಲ್‌ಸಿ-ಟ್ರೈ ಎಂಬ ವೃಕ್ಷರಚನೆ 2005ರಲ್ಲಿ ಲಿನಕ್ಸಿಗೆ ಬಂದಿತು. ಹೀಗಿರುವಾಗ ಕ್ಯಾಷನ್ನು ಕೈಬಿಟ್ಟ ಮಿಲ್ಲರ್ ಅವರ ನಿರ್ಣಯ ಯುಕ್ತವೆಂದೇ ನಮ್ಮ ಅಭಿಪ್ರಾಯ. ಅವರು ಕಣ್ಣುಮುಚ್ಚಿ ಕತ್ತರಿಸಿದವರೂ ಅಲ್ಲ. ದಾರಿಯಲ್ಲಿ ಹಿಡಿಸುವ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ದಾರಿ ಬದಲಿಸೆಂಬ ಸೂಚನೆ, ಇವುಗಳನ್ನು ನೆನಪಿಡುವ ಹೊಣೆಯೂ ಕ್ಯಾಷಿನ ಮೇಲಿತ್ತು. ಅವನ್ನು ಬೇರೆಡೆಗೆ ಸಾಗಿಸಿಯೇ ಕಟ್ಟಡವನ್ನು ಕೆಡವಿದರು.

ಆದರೆ ಯಾರೂ ಒಪ್ಪಿಸದೆಯೇ ಕ್ಯಾಷ್ ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ಒಂದೇ ಗಮ್ಯಕ್ಕೆ ಎರಡು ಸಮಾನ ದಾರಿಗಳಿದ್ದರೆ ಕರ್ನೆಲ್ ಅವುಗಳಲ್ಲೊಂದನ್ನು ಆರಿಸುತ್ತಿತ್ತು. ಆ ಆಯ್ಕೆ ಕ್ಯಾಷಿನಲ್ಲಿ ಕುಳಿತುದರಿಂದ ಅದೇ ಇಬ್ಬರ ನಡುವಣ ಮುಂದಿನ ಪ್ಯಾಕೆಟ್ಟುಗಳೂ, ನಮೂದು ಇರುವಷ್ಟು ಕಾಲ, ಅದೇ ದಾರಿಯನ್ನು ಹಿಡಿಯುತ್ತಿದ್ದವು. ಕ್ಯಾಷ್ ಹೋದಮೇಲೆ, ರೂಟರಿನ ಮೂಲಕ ಹಾದುಹೋಗುವ ಪ್ರತಿಯೊಂದು ಪ್ಯಾಕೆಟ್ಟಿಗೂ ಹೊಸ ಆಯ್ಕೆ. ಒಂದೇ ಸಂಭಾಷಣೆಯ ಮಾತುಗಳು ಎರಡು ದಾರಿಗಳಲ್ಲಿ ಹಂಚಿಹೋಗಿ ಹಿಂದುಮುಂದಾಗಿ ತಲುಪತೊಡಗಿದವು. ಟಿಸಿಪಿ ಇಂಥ ಕ್ರಮಭಂಗವನ್ನು ಪ್ಯಾಕೆಟ್ ಕಳೆದುಹೋದುದರ ಲಕ್ಷಣವೆಂದು ಭಾವಿಸಿ, ಕಳುಹಿಸಿದುದನ್ನೇ ಮತ್ತೆ ಕಳುಹಿಸಿ, ವೇಗವನ್ನೂ ತಗ್ಗಿಸುತ್ತದೆ. ಪ್ರಕ್ಷಿಪ್ತವೆಂದು ಒಂದು ಪದ್ಯವನ್ನು ಕಿತ್ತ ಸಂಪಾದಕನಿಗೆ, ಮುಂದಿನ ಪದ್ಯದ ‘ಅವನು’ ಯಾರೆಂಬುದು ಆ ಪದ್ಯದಿಂದಲೇ ತಿಳಿಯುತ್ತಿತ್ತೆಂದು ಆಮೇಲೆ ಹೊಳೆಯುವುದುಂಟು. ಪದ್ಯ ಪ್ರಕ್ಷಿಪ್ತವೆಂಬುದು ಅದರಿಂದ ಸುಳ್ಳಾಗುವುದಿಲ್ಲ. ಅರ್ಥ ಮಾತ್ರ ಕೆಡುತ್ತದೆ.

ಈ ದೋಷಕ್ಕೆ ಪರಿಹಾರ ದೊರೆತದ್ದು 2016ರ ಜನವರಿಯ 4.4ನೆಯ ಆವೃತ್ತಿಯಲ್ಲಿ, ಪೀಟರ್ ನಾರ್ಲುಂಡ್ ಅವರಿಂದ. ಮೂರು ವರ್ಷಕ್ಕೂ ಮಿಕ್ಕ ಈ ವಿಳಂಬವನ್ನು ಸಣ್ಣದೆನ್ನಲಾಗದು. ಕ್ಯಾಷನ್ನು ಮರಳಿ ತರಬೇಕೆನ್ನುವ ಸುಲಭಮಾರ್ಗವನ್ನು ಅವರು ಹಿಡಿಯಲಿಲ್ಲವೆಂಬುದೇ ಮೆಚ್ಚತಕ್ಕ ಅಂಶ. ಎರಡು ವಿಳಾಸಗಳಿಂದ ಒಂದು ಸಂಖ್ಯೆಯನ್ನು ಗಣಿಸಿ, ಅದರಿಂದಲೇ ದಾರಿಯನ್ನು ಗೊತ್ತುಮಾಡಿದರು. ವಿಳಾಸಗಳು ಅವೇ ಆದರೆ ಸಂಖ್ಯೆಯೂ ಅದೇ, ದಾರಿಯೂ ಅದೇ. ನೆನಪಿಡಬೇಕಾದುದು ಏನೂ ಇಲ್ಲವಾದುದರಿಂದ ಶತ್ರು ತುಂಬಿಸಬಹುದಾದ ಪಟ್ಟಿಯೂ ಇಲ್ಲ.

ಪೋರ್ಟ್ ಸಂಖ್ಯೆಗಳನ್ನೂ ಗಣನೆಗೆ ತೆಗೆದುಕೊಳ್ಳಬಾರದಾಗಿತ್ತೆ ಎಂದು ಕೇಳಬಹುದು. ಇಬ್ಬರ ನಡುವೆ ಎಷ್ಟು ಸಂಭಾಷಣೆಗಳಿದ್ದರೂ ಎಲ್ಲವೂ ಒಂದೇ ದಾರಿಗೆ ಬೀಳುವುದು ನ್ಯೂನತೆಯೇ ಹೌದು. ಆದರೆ ತುಂಡಾದ ಪ್ಯಾಕೆಟ್ಟಿನ ಮೊದಲ ತುಂಡಿನಲ್ಲಲ್ಲದೆ ಉಳಿದವುಗಳಲ್ಲಿ ಪೋರ್ಟ್ ಸಂಖ್ಯೆ ಇರುವುದಿಲ್ಲ. ಅದನ್ನು ನಂಬಿದರೆ ತುಂಡುಗಳೇ ಅಗಲಿಹೋದಾವು. 2017ರ 4.12ನೆಯ ಆವೃತ್ತಿ ಪೋರ್ಟುಗಳನ್ನು ಸೇರಿಸುವುದನ್ನು ಐಚ್ಛಿಕವಾಗಿ ಒದಗಿಸಿತು, ಕಡ್ಡಾಯ ಮಾಡಲಿಲ್ಲ.

ನಾರ್ಲುಂಡ್ ಅವರ ಕೃತಿಯಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ಅದರ ಎರಡನೆಯ ಭಾಗ. ಪ್ಯಾಕೆಟ್ ದೊಡ್ಡದಾಯಿತೆಂದು ನಡುದಾರಿಯ ರೂಟರೊಂದು ಐಸಿಎಂಪಿ ದೂರನ್ನು ಹಿಂದಕ್ಕೆ ಕಳುಹಿಸಿದಾಗ, ಆ ದೂರಿನ ಹೊರವಿಳಾಸ ರೂಟರಿನದು, ಸಂಭಾಷಿಸುವವರದಲ್ಲ. ಒಂದೇ ವಿಳಾಸದ ಹಿಂದೆ ಹಲವು ಸರ್ವರುಗಳಿದ್ದಲ್ಲಿ, ಹೊರವಿಳಾಸವನ್ನೇ ಗಣಿಸಿದರೆ ದೂರು ಸಂಬಂಧವಿಲ್ಲದ ಸರ್ವರಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ದೊಡ್ಡ ಪ್ಯಾಕೆಟ್ಟನ್ನು ಕಳುಹಿಸಿದವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಆದುದರಿಂದ ಅವರು ಲಕೋಟೆಯನ್ನು ತೆರೆದು, ದೂರಿನೊಳಗೆ ಉದ್ಧೃತವಾಗಿರುವ ಮೂಲ ಪ್ಯಾಕೆಟ್ಟಿನ ವಿಳಾಸಗಳನ್ನು ಓದಿ, ಅವುಗಳ ಸ್ಥಾನವನ್ನು ಅದಲುಬದಲು ಮಾಡಿ ಗಣಿಸಿದರು. ಉದ್ಧೃತವಾದುದು ಹೊರಗೆ ಹೋದ ಪ್ಯಾಕೆಟ್, ದಾರಿ ಬೇಕಾಗಿರುವುದು ಒಳಗೆ ಬರುವ ದೂರಿಗೆ.