ಅರ್ಜಿಯ ಆ ಒಂದು ಕಾಲಂ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಕಂಪನಿಗಳ ಆನ್‌ಲೈನ್ ಅರ್ಜಿಯಲ್ಲಿ ಅಂಕ, ಅನುಭವ, ನೋಟಿಸ್ ಪೀರಿಯಡ್ ಎಲ್ಲ ತುಂಬಿದ ಮೇಲೆ ಒಂದು ಪ್ರಶ್ನೆ ಬರುತ್ತದೆ: ನಿಮಗೆ ಅಂಗವೈಕಲ್ಯ ಇದೆಯೇ? ಹೌದು, ಇಲ್ಲ, ಹೇಳಲು ಇಷ್ಟವಿಲ್ಲ. ಆಟಿಸಂ ಇರುವ ಹುಡುಗ ಇಲ್ಲಿಗೆ ಬಂದು ನಿಂತುಬಿಡುತ್ತಾನೆ. "ಬರೀಬೇಡ, ಇಂಟರ್‌ವ್ಯೂಗೇ ಕರೆಯಲ್ಲ" ಎನ್ನುತ್ತಾರೆ ಅಪ್ಪ. ಅಮ್ಮನಿಗೆ ಮಗಳ ಮದುವೆಯ ಚಿಂತೆ. ಅದೇ ಕಂಪನಿಯಲ್ಲಿ ನೆಂಟರ ಹುಡುಗನೊಬ್ಬ ಇದ್ದಾನೆ, ಸುದ್ದಿ ಊರು ಮುಟ್ಟಲು ಎಷ್ಟು ಹೊತ್ತು?

ನನ್ನ ತಕರಾರು ಆ ಕಾಲಂ ಮೇಲೆ. ಅದು ಹೇಳು ಎನ್ನುತ್ತದೆ, ಹೇಳಿದರೆ ಕಂಪನಿ ಏನು ಮಾಡುತ್ತದೆ ಎಂದು ತಿಳಿಸುವುದಿಲ್ಲ. ಉತ್ತರವನ್ನು ಯಾರು ನೋಡುತ್ತಾರೆ, ಎಚ್‌ಆರ್ ಮಾತ್ರವೋ, ಮುಂದಿನ ಮ್ಯಾನೇಜರೋ? ಅದೂ ಗೊತ್ತಾಗುವುದಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸಿದ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಸರ್ಕಾರಿ ಕೆಲಸದಲ್ಲಿ ಹೇಳುವುದರ ಲಾಭ ಸ್ಪಷ್ಟ: ಶೇ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಇದ್ದರೆ ಶೇ 4ರ ಮೀಸಲಾತಿಯಲ್ಲಿ ಪಾಲು. ಖಾಸಗಿಯಲ್ಲಿ ಮೀಸಲಾತಿ ಇಲ್ಲ. ಆದರೆ 20 ಅಥವಾ ಹೆಚ್ಚು ನೌಕರರಿರುವ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯಲ್ಲಿ ಸೂಕ್ತ ಹುದ್ದೆಗಳು, ಆಯ್ಕೆಯ ಕ್ರಮ, ಕೊಡುವ ಸೌಲಭ್ಯ, ಹೊಣೆ ಹೊತ್ತ ಅಧಿಕಾರಿ ಯಾರು ಎಂಬುದನ್ನು ಪ್ರಕಟಿಸಬೇಕು. ನಾನು ಓದಿದ ಇಂಥ ನೀತಿಗಳು ರ‍್ಯಾಂಪ್, ಲಿಫ್ಟ್, ಶೌಚಾಲಯದ ಬಗ್ಗೆ ಚೆನ್ನಾಗಿಯೇ ಮಾತಾಡುತ್ತವೆ. ಪ್ರಶ್ನೆಗಳನ್ನು ಮುಂಚೆ ಕಳಿಸುವುದು, ಗ್ರೂಪ್ ಡಿಸ್ಕಶನ್ ಬಿಡುವುದು, ಗದ್ದಲದಿಂದ ದೂರದ ಸೀಟು ಕೊಡುವುದು ಅವುಗಳಲ್ಲಿ ಕಾಣಲಿಲ್ಲ.

ವೈಟ್‌ಫೀಲ್ಡ್‌ನಲ್ಲೇ ಇನ್ನೊಂದು ದಾರಿಯೂ ತೆರೆದಿತ್ತು. ಎಸ್‌ಎಪಿ ಲ್ಯಾಬ್ಸ್ ಆಟಿಸಂ ಇರುವ ಆರು ಮಂದಿಯನ್ನು ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ತೆಗೆದುಕೊಂಡಿತು. ಆ ಅನುಭವವನ್ನು ಮುಂದಿಟ್ಟುಕೊಂಡು ಮಾತೃಸಂಸ್ಥೆ 2013ರಲ್ಲಿ, ಆಟಿಸಂ ಇರುವವರಿಗೆ ಕೆಲಸ ಕೊಡಿಸುವ ಡೆನ್ಮಾರ್ಕಿನ ಸ್ಪೆಷಲಿಸ್ಟರ್ನೆ ಸಂಸ್ಥೆಯ ಜೊತೆ ಸೇರಿ, 2020ರ ಹೊತ್ತಿಗೆ ತನ್ನ ನೌಕರರಲ್ಲಿ ಶೇ 1ರಷ್ಟು ಆಟಿಸಂ ಇರುವವರಿರಬೇಕೆಂದು ಘೋಷಿಸಿತು. ಮಾತಿನ ಚಮತ್ಕಾರ ಬಿಟ್ಟು ಕೆಲಸ ಕೊಟ್ಟು ನೋಡುವುದು ಸ್ಪೆಷಲಿಸ್ಟರ್ನೆಯ ಪದ್ಧತಿ. ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೂ ಅದು ಪ್ರತ್ಯೇಕ ಬಾಗಿಲು: ಹೇಳಿಕೊಂಡವರಿಗೆ ಮಾತ್ರ ತೆರೆಯುತ್ತದೆ, ಆಟಿಸಂ ಎಂದರೆ ಟೆಸ್ಟಿಂಗ್ ಎಂಬ ಹಣೆಪಟ್ಟಿಯನ್ನೂ ಅಂಟಿಸುತ್ತದೆ. ಡಿಸೈನ್ ಮಾಡಬಲ್ಲವಳು, ಲೆಕ್ಕಪತ್ರ ನೋಡಬಲ್ಲವನು ಎಲ್ಲಿ ಹೋಗಬೇಕು?

ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ ಕಾಲಂ ಇಲ್ಲ, ಎಚ್‌ಆರ್ ಇಲ್ಲ. "ನಾಳೆಯಿಂದ ಬಾ, ಒಂದು ವಾರ ನೋಡೋಣ" ಎನ್ನುತ್ತಾರೆ ಮಾಲೀಕರು. ಅಳತೆ ತಪ್ಪದೆ ಒಂದೇ ಬಿಡಿಭಾಗವನ್ನು ದಿನವಿಡೀ ಪರೀಕ್ಷಿಸಬಲ್ಲವನಿಗೆ ಯಾವ ಇಂಟರ್‌ವ್ಯೂಗಿಂತಲೂ ಇದು ನ್ಯಾಯವಾದ ಪರೀಕ್ಷೆ. ಆದರೆ ಪ್ರೆಸ್ ಮೆಷಿನ್ನಿನ ಸದ್ದಿಗೆ ಅವನು ಕಿವಿ ಮುಚ್ಚಿಕೊಂಡ ದಿನ ಅವನ ಪರ ನಿಲ್ಲುವ ಕಾಗದ ಒಂದೂ ಇರುವುದಿಲ್ಲ.

ಹಾಗಾದರೆ ಮುಚ್ಚಿಡಬೇಕೇ? ಮುಚ್ಚಿಡುವುದಕ್ಕೂ ಬೆಲೆಯಿದೆ. ದಿನವಿಡೀ ಕಣ್ಣು ನೋಡಿ ಮಾತಾಡುವ ನಟನೆ ಮುಗಿಸಿ ಕ್ಯಾಬ್ ಇಳಿದವರಿಗೆ ಮನೆಯವರ ಜೊತೆ ಎರಡು ಮಾತಿಗೂ ತ್ರಾಣ ಉಳಿಯುವುದಿಲ್ಲ. ಪ್ರೊಬೇಷನ್‌ನಲ್ಲಿ "ಟೀಮ್ ಜೊತೆ ಹೊಂದಿಕೊಳ್ಳುವುದಿಲ್ಲ" ಎಂದು ಬರೆದರೆ ಉತ್ತರ ಕೊಡುವುದೂ ಕಷ್ಟ.

ನನ್ನ ಒಲವು ಹೀಗಿದೆ: ಕಂಪನಿಯ ಸಮಾನ ಅವಕಾಶ ನೀತಿಯಲ್ಲಿ ಹುರುಳಿದ್ದರೆ 'ಹೌದು' ಎನ್ನಿ. ಇಲ್ಲದಿದ್ದರೆ 'ಹೇಳಲು ಇಷ್ಟವಿಲ್ಲ' ಸಾಕು. ಸುಳ್ಳು 'ಇಲ್ಲ' ಬೇಡ, ಮುಂದೆ ಅದನ್ನೇ ಹಿಡಿದು ಕೆಲಸಕ್ಕೆ ಕುತ್ತು ತರಬಹುದು. ಇಂಟರ್‌ವ್ಯೂಗೆ ರೋಗನಿರ್ಣಯದ ಹೆಸರು ಬೇಡ, ಬೇಕಾದ್ದನ್ನು ಕೇಳಿ: ಪ್ರಶ್ನೆ ಬರಹದಲ್ಲಿ ಕೊಡಿ, ಯೋಚಿಸಲು ಸಮಯ ಕೊಡಿ. ಆಫರ್ ಲೆಟರ್ ಕೈಸೇರಿದ ಮೇಲೆ ಎಚ್‌ಆರ್‌ಗೆ ಇಮೇಲ್‌ನಲ್ಲಿ ತಿಳಿಸಿ, ಬಾಯಿಮಾತಿನಲ್ಲಿ ಅಲ್ಲ. ಸಮಂಜಸ ಅನುಕೂಲ ಕೇಳಲು ಶೇ 40ರ ಪ್ರಮಾಣ ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದು ಪರೀಕ್ಷೆಯಲ್ಲಿ ಲಿಪಿಕಾರರನ್ನು ಕೇಳಿದ ಅಭ್ಯರ್ಥಿಯ ಪ್ರಕರಣ. ಖಾಸಗಿ ಕಚೇರಿಯ ಎಚ್‌ಆರ್ ಎದುರು ಅದು ಎಷ್ಟು ದೂರ ನಡೆಯುತ್ತದೆ ಎಂಬುದನ್ನು ಯಾರಾದರೂ ಕೇಳಿಯೇ ನೋಡಬೇಕು.